ಬೂಟಿನ ತೊಗಲು, ಜೀನ್ಸಿನ ಅಂಚು: ನಮ್ಮ ಮಳೆಗೆ ಯಾವುದು ಬಾಳುತ್ತದೆ?

ಆಷಾಢ ಮುಗಿದ ಮೇಲೆ ಕಾರವಾರದಲ್ಲಿ ಕಪಾಟಿನ ಬಾಗಿಲು ತೆರೆದರೆ ಮೂಗಿಗೆ ಬಡಿಯುವ ವಾಸನೆ ಇಲ್ಲಿಯವರಿಗೆಲ್ಲ ಗೊತ್ತು. ಎರಡು ವರ್ಷದ ಹಿಂದೆ ನನ್ನ ಕಪಾಟಿನ ಕೆಳಗಿನ ಹಲಗೆಯ ಮೇಲೆ ಎರಡು ಜೊತೆ ಬೂಟುಗಳಿದ್ದವು. ಎರಡಕ್ಕೂ ಬೂದು ಬಣ್ಣದ ಬೂಷ್ಟು ಹಿಡಿದಿತ್ತು. ಬಟ್ಟೆ ತೆಗೆದುಕೊಂಡು ಒರೆಸಿದೆ. ಒಂದು ಜೊತೆಯಲ್ಲಿ ಬೂಷ್ಟು ಹೋಯಿತು, ಅಡಿಯ ಕಂದು ಬಣ್ಣ ತುಸು ಗಾಢವಾಗಿ ಉಳಿಯಿತು. ಇನ್ನೊಂದರಲ್ಲಿ, ಬೆರಳು ಮಡಚುವ ಜಾಗದಲ್ಲಿ, ಬಣ್ಣದ ಪೊರೆಯೇ ಬಟ್ಟೆಗೆ ಅಂಟಿಕೊಂಡು ಎದ್ದು ಬಂತು. ಅದರ ಅಡಿಯಲ್ಲಿದ್ದದ್ದು ನೆನೆದ ರಟ್ಟಿನಂಥ ನಾರು. ಎರಡೂ ಜೊತೆಯ ಒಳಗೆ ‘ಅಸಲಿ ಚರ್ಮ’ ಎಂಬ ಮುದ್ರೆ ಇತ್ತು, ಮತ್ತು ಆ ಮುದ್ರೆ ಎರಡರಲ್ಲಿಯೂ ನಿಜವೇ ಆಗಿತ್ತು.

ಅಂದಿನಿಂದ ನಾನು ಬೂಟನ್ನಾಗಲಿ ಜೀನ್ಸನ್ನಾಗಲಿ ಮೊದಲು ಮಗುಚಿ ನೋಡುತ್ತೇನೆ, ಬಾಗಿಸಿ ನೋಡುತ್ತೇನೆ, ಆಮೇಲೆ ಬೆಲೆ ಕೇಳುತ್ತೇನೆ.

ಕಳೆದ ತಿಂಗಳು ಶಿರಸಿಯಿಂದ ತಂಗಿಯ ಮಗ ಫೋನ್ ಮಾಡಿದ. ಅವನಿಗೆ ಕುಮಟಾದಲ್ಲಿ ಕೆಲಸ. ವಾರಕ್ಕೊಮ್ಮೆ ಬೈಕಿನಲ್ಲಿ ದೇವಿಮನೆ ಘಟ್ಟ ಹತ್ತಿ ಮನೆಗೆ ಹೋಗುತ್ತಾನೆ, ಅಡಿಕೆಯ ಕೊನೆಕೊಯ್ಲಿನ ಕಾಲದಲ್ಲಿ ತೋಟದ ಕೆಲಸಕ್ಕೂ ನಿಲ್ಲುತ್ತಾನೆ. “ಮಾವ, ಹತ್ತು ವರ್ಷ ಬಾಳುವ ಒಂದು ಜೊತೆ ಬೂಟು, ಒಂದು ಒಳ್ಳೆಯ ಜೀನ್ಸ್ ಬೇಕು. ಇವುಗಳಲ್ಲಿ ಯಾವುದನ್ನು ತೆಗೆದುಕೊಳ್ಳಲಿ?” ಎಂದು ಚಿತ್ರಗಳನ್ನು ಕಳುಹಿಸಿದ. ಮೊದಲನೆಯದು ನಾಲ್ಕೂವರೆ ಸಾವಿರದ ಹೊಳೆಯುವ ಬೂಟು. ಎರಡನೆಯದು ಹದಿಮೂರು ಸಾವಿರದ್ದು, ಎಣ್ಣೆ ಕುಡಿದಂತಿರುವ ಮಂದ ಮೈ, ರಬ್ಬರ್ ಅಟ್ಟೆ. ಮೂರನೆಯದು ಯಾರೋ ಎರಡು ಸಲ ಹಾಕಿ ಮಾರಲು ಇಟ್ಟಿದ್ದ ವಿದೇಶಿ ಬೂಟು: ಸಸ್ಯಹದದ (ಗಿಡಮರದ ತೊಗಟೆ, ಕಾಯಿಗಳ ರಸದಲ್ಲಿ ಹದ ಮಾಡಿದ) ಚರ್ಮ, ಅಟ್ಟೆಯೂ ಚರ್ಮದ್ದೇ, ಬೆಲೆ ಹದಿನೆಂಟು ಸಾವಿರ. ಅವನಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಹೆರಿಟೇಜ್ ಬೂಟು ಎಂದು ಈಗ ಮಾರುತ್ತಿರುವುದು ನೂರು ವರ್ಷದ ಹಿಂದೆ ಅಮೆರಿಕದ ಗಣಿ, ಕಾಡು, ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಹೊಲಿಯುತ್ತಿದ್ದ ಮಾದರಿಯನ್ನು. 1905ರಲ್ಲಿ ಮಿನ್ನೆಸೋಟಾದಲ್ಲಿ ಆರಂಭವಾದ ರೆಡ್ ವಿಂಗ್ ಇವುಗಳಲ್ಲಿ ಹೆಚ್ಚು ಪರಿಚಿತ ಹೆಸರು. ಆಗ್ರಾ, ಕಾನ್ಪುರ, ಅಂಬೂರಿನ ಕಡೆ ಬೂಟು ಹೊಲಿಯುವ ಹಳೆಯ ಕಸುಬುದಾರಿಕೆ ಇರುವುದರಿಂದ ಈ ಮಾದರಿಯ ಬೂಟುಗಳು ನಮ್ಮ ದೇಶದಲ್ಲಿಯೂ ತಯಾರಾಗುತ್ತವೆ. ಹೆಸರು ನೋಡಿ ಕೊಳ್ಳುವುದಕ್ಕಿಂತ ತೊಗಲನ್ನು ಓದಲು ಕಲಿಯುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ತೊಗಲಿನ ಪದರ

ದೊಡ್ಡ ಜಾನುವಾರಿನ ಚರ್ಮ ಬೂಟಿಗೆ ಬೇಕಾದುದಕ್ಕಿಂತ ಬಹಳ ದಪ್ಪ. ಆದ್ದರಿಂದ ಅದನ್ನು ಯಂತ್ರದಲ್ಲಿ ಪದರಪದರವಾಗಿ ಸೀಳುತ್ತಾರೆ. ಕೂದಲು ಇದ್ದ ಹೊರಮೈಯಲ್ಲಿ ನಾರುಗಳು ತೀರ ಸಣ್ಣವು, ಒತ್ತೊತ್ತಾಗಿ ಹೆಣೆದುಕೊಂಡಿರುತ್ತವೆ. ನೀರನ್ನೂ ಉಜ್ಜಾಟವನ್ನೂ ತಡೆಯುವುದು ಈ ಮೈ. ಅದರ ಕೆಳಗಿನ ದಪ್ಪ ನಾರು ಬಲ ಕೊಡುತ್ತದೆ. ಹೊರಮೈಯನ್ನು ಉಜ್ಜದೆ, ಕೆಳಗಿನ ನಾರಿನ ಸಮೇತ ಉಳಿಸಿಕೊಂಡರೆ ಅದು ಫುಲ್ ಗ್ರೇನ್. ಗೀರು, ಉಣ್ಣೆ ಕಚ್ಚಿದ ಕಲೆ ಕಾಣದಂತೆ ಹೊರಮೈಯನ್ನು ಮರಳು ಕಾಗದದಿಂದ ಉಜ್ಜಿ, ಮೇಲೆ ಬಣ್ಣದ ಪೊರೆ ಕೊಟ್ಟು, ಸುಳ್ಳು ರಂಧ್ರಗಳನ್ನು ಅಚ್ಚೊತ್ತಿದರೆ ಅದು ಕರೆಕ್ಟೆಡ್ ಗ್ರೇನ್. ಕೆಳಗಿನ ಪದರಕ್ಕೇ ಪ್ಲಾಸ್ಟಿಕ್ ಪೊರೆ ಅಂಟಿಸಿದರೆ ಅದು ಕೋಟೆಡ್ ಸ್ಪ್ಲಿಟ್. ಚರ್ಮದ ಚೂರನ್ನು ಪುಡಿ ಮಾಡಿ ಅಂಟಿನಲ್ಲಿ ಕಲಸಿ ಹಾಳೆ ಮಾಡಿದರೆ ಬಾಂಡೆಡ್. ಇವುಗಳಲ್ಲಿ ಮೊದಲ ಮೂರಕ್ಕೂ ‘ಅಸಲಿ ಚರ್ಮ’ ಎಂಬ ಮುದ್ರೆ ಸಲ್ಲುತ್ತದೆ. ಹಾಗಾಗಿ ಆ ಮುದ್ರೆಯಿಂದ ಕೊಳ್ಳುವವರಿಗೆ ಸಿಗುವ ಮಾಹಿತಿ ತೀರ ಕಡಿಮೆ.

ಅಂಗಡಿಯಲ್ಲಿ ಮಾಡಬೇಕಾದದ್ದು ಇಷ್ಟು. ಬೂಟಿನ ಮುಂಭಾಗವನ್ನು ಹೆಬ್ಬೆರಳಿನಿಂದ ಒಳಕ್ಕೆ ಒತ್ತಿ. ಬೆರಳಿನ ಸುತ್ತ ಕೂದಲೆಳೆಯಂಥ ಸಣ್ಣ ನಿರಿಗೆಗಳು ಹರಡಿ, ಬೆರಳು ತೆಗೆದೊಡನೆ ಮಾಯವಾದರೆ ನಾರು ಬಿಗಿಯಾಗಿದೆ ಎಂದರ್ಥ. ದಪ್ಪ ದಪ್ಪ ಮಡಿಕೆ ಎದ್ದು, ಹೊರಮೈ ಅಡಿಯ ಪದರದಿಂದ ಬಿಟ್ಟುಕೊಂಡಂತೆ ಉಬ್ಬಿದರೆ ಅದು ಹೊಟ್ಟೆಯ ಭಾಗದ ಸಡಿಲ ಚರ್ಮ. ಒಂದೂ ನಿರಿಗೆ ಏಳದೆ ರಬ್ಬರಿನಂತೆ ತಗ್ಗಿ ಮೇಲೆದ್ದರೆ ನೀವು ಮುಟ್ಟುತ್ತಿರುವುದು ಪೊರೆಯನ್ನು. ನಮ್ಮ ಹುಡುಗ ಕಳುಹಿಸಿದ ಮೊದಲನೆಯ ಬೂಟನ್ನು ಹುಬ್ಬಳ್ಳಿಯ ಅಂಗಡಿಯಲ್ಲಿ ಒತ್ತಿ ನೋಡಲು ಹೇಳಿದೆ. “ನಿರಿಗೆಯೇ ಬರುತ್ತಿಲ್ಲ ಮಾವ, ಒಳ್ಳೆಯದಲ್ಲವೇ?” ಎಂದು ಕೇಳಿದ. ಅಲ್ಲ ಎಂದೆ.

ಎಡ ಬಲ ಎರಡೂ ಬೂಟುಗಳನ್ನು ಪಕ್ಕಪಕ್ಕ ಇಟ್ಟು ನೋಡುವುದನ್ನು ಮರೆಯಬೇಡಿ. ಬೆನ್ನಿನ ಭಾಗದ ಚರ್ಮ ಬಿಗಿ, ಹೊಟ್ಟೆಯದು ಹಿಗ್ಗುವ ಜಾತಿ. ಕತ್ತರಿಸುವವರು ಅನುಭವಸ್ಥರಾದರೆ ಮುಂಭಾಗಕ್ಕೆ ಎರಡೂ ಕಾಲಿಗೆ ಒಂದೇ ಗುಣದ ತುಂಡನ್ನು ಆರಿಸಿ, ಸಡಿಲ ತುಂಡನ್ನು ನಾಲಿಗೆಗೋ ಒಳಪಟ್ಟಿಗೋ ಹಾಕುತ್ತಾರೆ. ಒಂದು ಬೂಟಿನ ಮುಂಭಾಗ ನಯವಾಗಿದ್ದು ಇನ್ನೊಂದರದ್ದು ಒರಟಾಗಿದ್ದರೆ ಕಾರ್ಖಾನೆಯಲ್ಲಿ ಚರ್ಮ ಉಳಿಸಲು ನೋಡಿದ್ದಾರೆ. ಎಮ್ಮೆ ಚರ್ಮವಾದರೆ ರಂಧ್ರಗಳು ದೊಡ್ಡವು, ದೂರ ದೂರ ಇರುತ್ತವೆ. ಅದು ದೋಷವಲ್ಲ, ಆದರೆ ಹಸುವಿನ ಚರ್ಮದ ಬೆಲೆಗೆ ಅದನ್ನು ಕೊಳ್ಳಬಾರದು.

ತೊಗರು ಕಂಡವರಿಗೆ ಹದ ಗೊತ್ತು

ಹದ ಮಾಡುವುದೆಂದರೆ ತೊಗಲು ಕೊಳೆಯದಂತೆ ಮಾಡುವುದು. ಸಸ್ಯಹದ ಹೇಗೆ ಕೆಲಸ ಮಾಡುತ್ತದೆ ಎಂದು ಶಿರಸಿ, ಸಿದ್ದಾಪುರದವರಿಗೆ ಬೇರೆ ವಿವರಿಸಬೇಕಿಲ್ಲ. ಹಸಿ ಅಡಿಕೆ ಸುಲಿದವರ ಕೈ ದಿನಗಟ್ಟಲೆ ಕಪ್ಪಾಗಿರುತ್ತದೆ, ಅಡಿಕೆ ಬೇಯಿಸಿದ ತೊಗರು ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ. ಎರಡಕ್ಕೂ ಕಾರಣ ಟ್ಯಾನಿನ್. ಅದೇ ವಸ್ತು ನಮ್ಮ ಕಾಡಿನ ಅಳಲೆಕಾಯಿಯಲ್ಲಿ, ಜಾಲಿಯ ತೊಗಟೆಯಲ್ಲಿ, ತಂಗಡಿ ಗಿಡದ ತೊಗಟೆಯಲ್ಲಿ ಇದೆ. ಇವುಗಳ ರಸದಲ್ಲಿ ತೊಗಲನ್ನು ವಾರಗಟ್ಟಲೆ ನೆನೆಸಿದರೆ ಟ್ಯಾನಿನ್ ನಾರಿಗೆ ಅಂಟಿಕೊಂಡು ತೊಗಲು ಚರ್ಮವಾಗುತ್ತದೆ. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ಕೊಲ್ಹಾಪುರಿ ಚಪ್ಪಲಿ ಇದೇ ಹದದ್ದು. ಆ ಮಾನ್ಯತೆಯಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ.

ಕ್ರೋಮ್ ಹದ ಇದಕ್ಕಿಂತ ಬೇಗ. ಕ್ರೋಮಿಯಂ ಲವಣದಲ್ಲಿ ತಿರುಗಿಸಿದರೆ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ, ಚರ್ಮ ಮೆತ್ತಗಾಗುತ್ತದೆ, ನೀರಿಗೆ ಚೆನ್ನಾಗಿ ತಾಳುತ್ತದೆ. ಕತ್ತರಿಸಿದ ಅಂಚನ್ನು ನೋಡಿದರೆ ವ್ಯತ್ಯಾಸ ಕಾಣುತ್ತದೆ: ಸಸ್ಯಹದದ್ದು ಆಳದವರೆಗೂ ಕಂದು, ಕ್ರೋಮ್‌ನದ್ದು ಬಣ್ಣ ಒಳಗಿಳಿಯದ ಕಡೆ ನೀಲಿ ಮಿಶ್ರಿತ ಬೂದು. ಇನ್ನೊಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ತುಕ್ಕು ಹಿಡಿದ ಮೊಳೆಯನ್ನು ವಿನೆಗರ್‌ನಲ್ಲಿ ಎರಡು ದಿನ ಇಟ್ಟು, ಆ ನೀರಿನ ಒಂದು ಹನಿಯನ್ನು ಚರ್ಮದ ತುಂಡಿನ ಮೇಲೆ ಬಿಡಿ. ಸಸ್ಯಹದದ ಚರ್ಮ ಕಣ್ಣೆದುರೇ ಕಪ್ಪಾಗುತ್ತದೆ. ಕಬ್ಬಿಣದ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವಾಗ ಆಗುವುದೂ ಇದೇ.

ಸಸ್ಯಹದದ ಚರ್ಮಕ್ಕೆ ವರ್ಷ ಕಳೆದಂತೆ ಬರುವ ಬಣ್ಣ ಬೇರೆ ಯಾವುದಕ್ಕೂ ಬರುವುದಿಲ್ಲ. ನನಗೆ ಅದು ತುಂಬ ಇಷ್ಟ. ಆದರೆ ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಈ ಚರ್ಮ ನೀರನ್ನು ಬೇಗ ಹೀರುತ್ತದೆ, ಬೂಷ್ಟಿಗೂ ಬೇಗ ಒಲಿಯುತ್ತದೆ, ಒದ್ದೆಯಾಗಿ ಒಣಗಿದರೆ ಬಿರುಸಾಗುತ್ತದೆ. ಆದ್ದರಿಂದ ಬೆಲ್ಟ್, ಪರ್ಸ್, ಬೂಟಿನ ಒಳಅಟ್ಟೆಗೆ ಸಸ್ಯಹದ. ಬೂಟಿನ ಮೇಲ್ಮೈಗೆ ಕ್ರೋಮ್, ಅಥವಾ ಕ್ರೋಮ್ ಮತ್ತು ಸಸ್ಯ ಎರಡೂ ಸೇರಿದ ಹದ ಎಂಬುದು ನನ್ನ ಖಚಿತ ಅಭಿಪ್ರಾಯ. ಶಿಕಾಗೋದ ಹಾರ್ವೀನ್ ಹದಗಾರಿಕೆಯ ಕ್ರೋಮೆಕ್ಸೆಲ್ ಇಂಥ ಜೋಡಿ ಹದಕ್ಕೆ ಹೆಸರಾದದ್ದು. ಅದಕ್ಕೆ ಎಣ್ಣೆ, ಮೇಣಗಳನ್ನು ಧಾರಾಳವಾಗಿ ಉಣಿಸಿರುತ್ತಾರೆ. ಬಾಗಿಸಿದಾಗ ಎಣ್ಣೆ ಸರಿದು ಆ ಜಾಗ ತಿಳಿಯಾಗುತ್ತದೆ, ಅಂಗೈಯಿಂದ ತಿಕ್ಕಿದರೆ ಬಣ್ಣ ಮರಳುತ್ತದೆ. ಪುಲ್-ಅಪ್ ಎಂದು ಕರೆಯುವ ಈ ಗುಣ ಎರಡನೆಯ ಬೂಟಿನ ಚಿತ್ರದಲ್ಲಿಯೇ ಕಾಣುತ್ತಿತ್ತು.

ಅಟ್ಟೆ ಹೇಗೆ ಕೂತಿದೆ

ಚರ್ಮ ಎಷ್ಟೇ ಚೆನ್ನಾಗಿದ್ದರೂ ಅಟ್ಟೆ ಸವೆದ ದಿನ ಬೂಟಿನ ಆಯುಷ್ಯ ತೀರ್ಮಾನವಾಗುತ್ತದೆ. ಬದಲಾಯಿಸಲು ಬಂದರೆ ಇನ್ನೈದು ವರ್ಷ, ಬಾರದಿದ್ದರೆ ಗುಜರಿ.

ನನ್ನ ಹಳೆಯ ಬೂಟಿನ ಅಟ್ಟೆ ಬದಲಾಯಿಸುವುದನ್ನು ಶಿರಸಿಯ ಬಸ್ ನಿಲ್ದಾಣದ ಹತ್ತಿರ ಚಪ್ಪಲಿ ರಿಪೇರಿ ಮಾಡುವ ಹಿರಿಯರೊಬ್ಬರ ಎದುರು ಕೂತು ನೋಡಿದ್ದೇನೆ. ಅವರು ಬೂಟನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು, ಸುತ್ತಲೂ ಅಂಚಿನಲ್ಲಿ ಚಾಚಿದ್ದ ಚರ್ಮದ ಪಟ್ಟಿಯ ಕೆಳಗೆ ಉಳಿಯಂಥ ಚೂರಿಯನ್ನು ಹಾಕಿ ಒಂದೊಂದೇ ಹೊಲಿಗೆಯನ್ನು ಕತ್ತರಿಸುತ್ತ ಬಂದರು. ಅಟ್ಟೆ ಮುಚ್ಚಳದ ಹಾಗೆ ಕಳಚಿತು. ಒಳಗೆ ಕಾರ್ಕಿನ ಪುಡಿ ಗಟ್ಟಿಯಾಗಿ ಕೂತಿತ್ತು, ಅದರಲ್ಲಿ ನನ್ನ ಹಿಮ್ಮಡಿ, ಹೆಬ್ಬೆರಳ ಬುಡ ಇಳಿದ ತಗ್ಗು ಸ್ಪಷ್ಟವಾಗಿತ್ತು. ಮೇಲಿನ ಚರ್ಮಕ್ಕೆ ಚೂರಿ ತಾಗಿಯೇ ಇರಲಿಲ್ಲ. ಕಾರ್ಕನ್ನು ಕೆರೆದು ಹೊಸದಾಗಿ ತುಂಬಿ, ಹೊಸ ರಬ್ಬರ್ ಅಟ್ಟೆಯನ್ನು ಅಂಟಿಸಿ, ಮೇಣ ಹಚ್ಚಿದ ದಾರದಲ್ಲಿ ಹಳೆಯ ತೂತುಗಳಲ್ಲಿಯೇ ಹೊಲಿದರು. ಮಧ್ಯಾಹ್ನ ಕೊಟ್ಟ ಬೂಟು ಸಂಜೆಗೆ ಕೈಗೆ ಬಂತು.

ಆ ಪಟ್ಟಿಯ ಹೆಸರು ವೆಲ್ಟ್. ಗುಡ್‌ಇಯರ್ ವೆಲ್ಟ್ ಎಂಬ ವಿಧಾನದಲ್ಲಿ ಒಳಅಟ್ಟೆಯ ಅಡಿಗೆ ಕ್ಯಾನ್ವಾಸಿನ ಒಂದು ಏಣನ್ನು ಅಂಟಿಸಿ, ಆ ಏಣು, ಮೇಲ್ಚರ್ಮ, ವೆಲ್ಟ್ ಮೂರನ್ನೂ ಒಂದು ಹೊಲಿಗೆಯಲ್ಲಿ ಹಿಡಿಯುತ್ತಾರೆ. ವೆಲ್ಟಿಗೂ ಹೊರಅಟ್ಟೆಗೂ ಇನ್ನೊಂದು ಹೊಲಿಗೆ. ಒಳಗೆ ನೀರು ನುಗ್ಗುವ ನೇರ ದಾರಿ ಇಲ್ಲ, ಅಟ್ಟೆ ಬದಲಾಯಿಸುವುದೂ ಸುಲಭ. ಸ್ಟಿಚ್‌ಡೌನ್‌ನಲ್ಲಿ ಮೇಲ್ಚರ್ಮವನ್ನೇ ಹೊರಕ್ಕೆ ಮಡಚಿ ಅಟ್ಟೆಗೆ ಹೊಲಿಯುತ್ತಾರೆ. ಅಮೆರಿಕದ ವಾಯವ್ಯ ಮೂಲೆಯ ಮರ ಕಡಿಯುವವರ ಬೂಟುಗಳಿಗೆ ಇದೇ ಪದ್ಧತಿ. ಬಲದಲ್ಲಿ ಇದು ಯಾವುದಕ್ಕೂ ಕಡಿಮೆಯಿಲ್ಲ, ಆದರೆ ಹೊಲಿಗೆ ಅಂಕುಡೊಂಕಾದರೆ ಹೊರಗೇ ಕಾಣುವುದರಿಂದ ಕೆಲಸಗಾರರ ಕೈಯನ್ನು ಇದರಲ್ಲಿ ಚೆನ್ನಾಗಿ ಅಳೆಯಬಹುದು. ಬ್ಲೇಕ್ ಹೊಲಿಗೆ ಒಳಅಟ್ಟೆಯಿಂದ ಹೊರಅಟ್ಟೆಯವರೆಗೆ ನೇರವಾಗಿ ಇಳಿಯುತ್ತದೆ. ತೆಳುವಾದ, ಚೆಂದದ ಬೂಟು ಸಿಗುತ್ತದೆ, ಆದರೆ ಅದೇ ಹೊಲಿಗೆಯ ದಾರಿಯಲ್ಲಿ ನೀರೂ ಏರುತ್ತದೆ. ನಮ್ಮ ಊರಿಗೆ ಅದು ಬೇಡ.

ಇಲ್ಲಿ ಒಂದು ಮೋಸದ ಬಗ್ಗೆ ಎಚ್ಚರ. ಅಂಟಿಸಿದ ಬೂಟಿಗೂ ಸುತ್ತಲೂ ವೆಲ್ಟಿನ ಹಾಗೆ ಕಾಣುವ ಪಟ್ಟಿ, ಅದರ ಮೇಲೆ ಚೆಂದದ ಹೊಲಿಗೆ ಇಡುತ್ತಾರೆ. ಬೂಟನ್ನು ಮಗುಚಿ. ಮೇಲಿನ ಹೊಲಿಗೆಗೆ ಸರಿಯಾಗಿ ಅಟ್ಟೆಯ ಅಡಿಯ ಕಾಲುವೆಯಲ್ಲಿ ನಿಜವಾದ ದಾರ ಕಾಣಬೇಕು. ಅಲ್ಲಿ ದಾರವಿಲ್ಲದಿದ್ದರೆ, ಅಥವಾ ರಬ್ಬರಿನಲ್ಲೇ ಹೊಲಿಗೆಯ ಆಕಾರ ಎರಕ ಹೊಯ್ದಿದ್ದರೆ, ಮೇಲಿನದು ಹೆಚ್ಚಾಗಿ ಬರಿ ಅಲಂಕಾರ. ಕೆಲವು ಒಳ್ಳೆಯ ಬೂಟುಗಳಲ್ಲಿ ಹೊಲಿಗೆ ನಡುವಿನ ಪದರದವರೆಗೆ ಮಾತ್ರ ಇಳಿದು ಅದರ ಮೇಲೆ ರಬ್ಬರ್ ಅಂಟಿಸಿರುತ್ತಾರೆ. ಆಗ ಪಕ್ಕದಿಂದ ನೋಡಿದರೆ ನಡುವಿನ ಚರ್ಮದ ಪದರ ಬೇರೆಯಾಗಿ ಕಾಣುತ್ತದೆ.

ನಮ್ಮ ಹವೆಗೆ ಇನ್ನೂ ದೊಡ್ಡ ಅಪಾಯ ಪಾಲಿಯುರಿಥೇನ್ ಅಟ್ಟೆ. ಹಗುರ, ಮೆತ್ತಗೆ, ಹಾಕಿಕೊಂಡರೆ ಹಿತ. ಆದರೆ ಗಾಳಿಯ ತೇವಾಂಶವೇ ಅದನ್ನು ಒಳಗಿಂದ ಮುರಿಯುತ್ತದೆ. ಡಬ್ಬದಲ್ಲಿ ಜೋಪಾನವಾಗಿ ಇಟ್ಟ ಬೂಟು ಕೆಲವು ವರ್ಷಗಳ ಮೇಲೆ ಹೊರತೆಗೆದ ದಿನವೇ ಅಟ್ಟೆ ಬೆಲ್ಲದ ಹುಡಿಯಂತೆ ಉದುರಿ ಹೋಗುವುದನ್ನು ಕರಾವಳಿಯ ಎಷ್ಟೋ ಮನೆಗಳಲ್ಲಿ ಕಂಡಿದ್ದೀರಿ. ಅದಕ್ಕೆ ಹಾಕಿಕೊಂಡವರ ತಪ್ಪು ಕಾರಣವಲ್ಲ. ರಬ್ಬರಿಗೆ ಈ ರೋಗವಿಲ್ಲ. ರಿಯಾಯಿತಿಯಲ್ಲಿ ಸಿಗುವ ಹಳೆಯ ದಾಸ್ತಾನಿನ ಬೂಟು ಕೊಳ್ಳುವಾಗ ಅಟ್ಟೆ ಯಾವುದರದ್ದು ಎಂದು ಕೇಳಿಯೇ ಕೊಳ್ಳಿ. ಒಳಗೆ ಕೈ ಹಾಕಿ ಮೆತ್ತನೆಯ ಹಾಸನ್ನು ಎತ್ತಿ ಒಳಅಟ್ಟೆಯನ್ನೂ ಮುಟ್ಟಿ ನೋಡಿ: ಚರ್ಮವಾದರೆ ಪಾದದ ಆಕಾರಕ್ಕೆ ಇಳಿಯುತ್ತದೆ, ರಟ್ಟಾದರೆ ಬೆವರಿಗೂ ಮಳೆಗೂ ಉಬ್ಬಿ ಪದರ ಬಿಡುತ್ತದೆ.

ಕಿಸೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳುವುದು ನನ್ನ ರೂಢಿ. ಲೇಸು ಹಾಯುವ ಬಳೆಗಳಿಗೆ ಅದು ಅಂಟಿದರೆ ಒಳಗಿರುವುದು ಕಬ್ಬಿಣ. ನಮ್ಮ ಉಪ್ಪು ಗಾಳಿಗೆ ಲೇಪ ಹೋದ ಮೇಲೆ ತುಕ್ಕು ಹಿಡಿಯುತ್ತದೆ. ಸಸ್ಯಹದದ ಚರ್ಮವಾದರೆ ಸುತ್ತಲೂ ಕಪ್ಪು ಕಲೆ. ಹಿತ್ತಾಳೆಯಾದರೆ ಹೆಚ್ಚೆಂದರೆ ಕಿಲುಬು. ಅಟ್ಟೆಯ ನಡುಭಾಗದಲ್ಲಿ ಮಾತ್ರ ಅಯಸ್ಕಾಂತ ಮೆಲ್ಲಗೆ ಎಳೆದರೆ ಸಂತೋಷಪಡಿ, ಅಲ್ಲಿ ಪಾದದ ಕಮಾನಿಗೆ ಆಸರೆಯಾಗಿ ಉಕ್ಕಿನ ಪಟ್ಟಿ ಇಟ್ಟಿದ್ದಾರೆ.

ಜೀನ್ಸಿನ ಹಾಸು ಹೊಕ್ಕು

ತೂಕದಿಂದ ಶುರು ಮಾಡೋಣ. ಚರ್ಮದಲ್ಲಿ ಔನ್ಸ್ ಎಂದರೆ ದಪ್ಪ, ಒಂದು ಔನ್ಸಿಗೆ ಸುಮಾರು 0.4 ಮಿಲಿಮೀಟರ್. ಜೀನ್ಸಿನ ಬಟ್ಟೆಯಾದ ಡೆನಿಮ್‌ನಲ್ಲಿ ಔನ್ಸ್ ಎಂದರೆ ಒಂದು ಚದರ ಗಜ ಬಟ್ಟೆಯ ತೂಕ. 12 ಔನ್ಸಿನ ಡೆನಿಮ್ ಚದರ ಮೀಟರಿಗೆ ಸುಮಾರು 407 ಗ್ರಾಂ, 21 ಔನ್ಸಿನದು ಸುಮಾರು 712 ಗ್ರಾಂ. ಹುಡುಗನ ಪಟ್ಟಿಯಲ್ಲಿ ಒಂದು 21 ಔನ್ಸಿನ ಜಪಾನಿ ಜೀನ್ಸ್ ಇತ್ತು. ಬಟ್ಟೆ ಅದ್ಭುತವಾದದ್ದೇ. ಆದರೆ ಜುಲೈ ತಿಂಗಳಲ್ಲಿ ಅದನ್ನು ಒಗೆದರೆ ಕುಮಟಾದಲ್ಲಿ ಎಷ್ಟು ದಿನಕ್ಕೆ ಒಣಗಬಹುದು ಎಂದು ಅವನಮ್ಮನನ್ನು ಕೇಳಲು ಹೇಳಿದೆ. ಕರಾವಳಿಗೆ 11ರಿಂದ 13 ಔನ್ಸ್ ಸಾಕು, ಶಿರಸಿಯ ಚಳಿಗೆ 14ರವರೆಗೆ ಹೋಗಬಹುದು.

ಸೆಲ್ವೆಜ್ ಎಂಬ ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಅದು ಪಂಚೆಯ ಅಂಚಿನ ಕಥೆಯೇ. ಲಾಳಿ ಮಗ್ಗದಲ್ಲಿ ಹೊಕ್ಕಿನ (ಅಡ್ಡ ಎಳೆಯ) ನೂಲು ತುಂಡಾಗದೆ ಹೋಗಿ ಮರಳುತ್ತದೆ, ಆದ್ದರಿಂದ ಅಂಚು ತಾನಾಗಿ ಕಟ್ಟಿಕೊಳ್ಳುತ್ತದೆ. ಬಟ್ಟೆಯ ಅಗಲ 30 ಇಂಚಿನ ಆಸುಪಾಸು. ಹೊಸ ಮಗ್ಗಗಳಲ್ಲಿ 60 ಇಂಚಿನ ಹತ್ತಿರ ಅಗಲದ ಬಟ್ಟೆ ಅದಕ್ಕಿಂತ ಎಷ್ಟೋ ವೇಗವಾಗಿ ಬರುತ್ತದೆ, ಹೊಕ್ಕನ್ನು ಪ್ರತಿ ಸಲವೂ ಕತ್ತರಿಸುವುದರಿಂದ ಅಂಚು ಎಳೆಎಳೆಯಾಗಿರುತ್ತದೆ. ಅಮೆರಿಕದ ಗ್ರೀನ್ಸ್‌ಬರೋದ ವೈಟ್ ಓಕ್ ಗಿರಣಿ 2017ರ ಕೊನೆಗೆ ಮುಚ್ಚಿದ ಮೇಲೆ ಲಾಳಿ ಮಗ್ಗದ ಡೆನಿಮ್ ಎಂದರೆ ಹೆಚ್ಚಿನವರಿಗೆ ಜಪಾನಿನ ಒಕಾಯಾಮಾ ನೆನಪಾಗುತ್ತದೆ. ನಮ್ಮ ಅಹಮದಾಬಾದಿನ ಅರವಿಂದ್ ಕಂಪನಿ ಕೂಡ ಸೆಲ್ವೆಜ್ ನೇಯುತ್ತದೆ. ಅಂಚು ಕಟ್ಟಿದೆ ಎಂದರೆ ಯಾವ ಮಗ್ಗದಲ್ಲಿ ನೇಯ್ದರು ಎಂಬುದು ತಿಳಿಯುತ್ತದೆ. ಹತ್ತಿ ಎಂಥದ್ದು, ಬಣ್ಣ ಹೇಗೆ ಹಾಕಿದರು ಎಂಬುದನ್ನು ಬೇರೆಯಾಗಿ ನೋಡಬೇಕು.

ನಾನು ನೋಡುವುದು ಹೀಗೆ. ಕಾಲಿನ ಒಳಗಡೆ ಹೊಲಿಗೆಯಾಚೆ ಉಳಿದ ಬಟ್ಟೆಯಿಂದ ಒಂದು ನೀಲಿ ಎಳೆಯನ್ನು ಉಗುರಿನಿಂದ ಬಿಡಿಸಿ, ಬೆಳಕಿಗೆ ಹಿಡಿದು ತಿರುಚು ಬಿಚ್ಚುತ್ತೇನೆ. ಮೇಲೆ ಕಡುನೀಲಿ, ನಡುವೆ ಬಿಳಿಯ ಗರ್ಭ. ಹಾಸಿನ (ಉದ್ದ ಎಳೆಯ) ನೂಲನ್ನು ಹಗ್ಗದಂತೆ ಕಟ್ಟಿ ನೀಲಿಯಲ್ಲಿ ಮತ್ತೆ ಮತ್ತೆ ಅದ್ದಿ ಗಾಳಿಗೆ ಹಿಡಿದಾಗ ಬಣ್ಣ ಹೊರಸುತ್ತಿನಲ್ಲೇ ನಿಲ್ಲುತ್ತದೆ. ಮುಂದೆ ಮೊಣಕಾಲು, ತೊಡೆಯ ಸಂದಿನಲ್ಲಿ ಹೊರಸುತ್ತು ಸವೆದು ಬಿಳಿ ಕಾಣಿಸಿಕೊಂಡಾಗ, ಹಾಕಿಕೊಂಡವರ ನಡಿಗೆಯೇ ಬಟ್ಟೆಯ ಮೇಲೆ ಮೂಡುತ್ತದೆ. ಎಳೆ ಒಳಗೂ ಹೊರಗೂ ಒಂದೇ ಬಣ್ಣವಾಗಿದ್ದರೆ ಆ ಚಂದ ಬರುವುದಿಲ್ಲ, ಬಟ್ಟೆ ಸುಮ್ಮನೆ ಮಾಸುತ್ತದೆ. ಹೊಸದರಲ್ಲಿ ನೀಲಿ ಕೈಗೆ ಹತ್ತಿದರೆ ಗಾಬರಿ ಬೇಡ, ಇಂಡಿಗೊ ಎಂಬ ಆ ನೀಲಿಯ ಸ್ವಭಾವವೇ ಅದು.

ಕುಗ್ಗುವಿಕೆಯ ಬಗ್ಗೆ ಕೇಳಿ ಕೊಳ್ಳಿ. ಸ್ಯಾನ್ಫರ್ಡ್ ಕ್ಲೂಯೆಟ್ 1930ರಲ್ಲಿ ಪೇಟೆಂಟ್ ಪಡೆದ ವಿಧಾನದಿಂದ ಮೊದಲೇ ಕುಗ್ಗಿಸಿದ ಬಟ್ಟೆಯನ್ನು ಸ್ಯಾನ್ಫರೈಸ್ಡ್ ಎನ್ನುತ್ತಾರೆ. ಹಾಗೆ ಮಾಡದ ಬಟ್ಟೆ ಮೊದಲ ನೀರಿಗೆ ಹತ್ತು ಶೇಕಡಾದವರೆಗೂ ಕುಗ್ಗಬಹುದು. ಮೊದಲ ಸಲ ಕೊಳ್ಳುವವರು ಸ್ಯಾನ್ಫರೈಸ್ಡ್ ಬಟ್ಟೆಯನ್ನೇ ಆರಿಸುವುದು ಕ್ಷೇಮ. ಆರು ತಿಂಗಳು ಒಗೆಯದೆ ಹಾಕಬೇಕು ಎಂಬ ಉಪದೇಶವನ್ನು ನಮ್ಮ ಸೆಕೆಯಲ್ಲಿ ಪಾಲಿಸಬೇಡಿ. ಬೆವರಿನ ಉಪ್ಪು ಕೂತಲ್ಲಿ ಹತ್ತಿ ಬೇಗ ಜೀರ್ಣವಾಗುತ್ತದೆ, ಬೂಷ್ಟೂ ಹಿಡಿಯುತ್ತದೆ. ಒಳಮಗ್ಗುಲು ತಿರುಗಿಸಿ ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ ಹಾಕಿದರೆ ಬಣ್ಣಕ್ಕೆ ಅನ್ಯಾಯವಾಗುವುದಿಲ್ಲ.

ಹೊಲಿಗೆಯಲ್ಲಿ ಮುಖ್ಯ ಜಾಗ ಎರಡೂ ಕಾಲು ಕೂಡುವ ಸಂದು. ಅಲ್ಲಿ ನಾಲ್ಕು ಹೊಲಿಗೆಗಳು ಸೇರುತ್ತವೆ, ಮೊದಲು ಬಿಟ್ಟುಕೊಳ್ಳುವುದೂ ಅಲ್ಲಿಯೇ. ಒಳಗಿನಿಂದ ನೋಡಿದಾಗ ಬಟ್ಟೆಯ ಅಂಚುಗಳು ಒಂದರೊಳಗೊಂದು ಮಡಚಿಕೊಂಡು, ಜೋಡಿ ಹೊಲಿಗೆ ಎಲ್ಲಿಯೂ ತಪ್ಪದೆ ಸಾಗಿರಬೇಕು. ಕಿಸೆಯ ಮೂಲೆಯಲ್ಲಿ ಬಡಿದಿರುವ ಲೋಹದ ಬಿಲ್ಲೆ, ಅಂದರೆ ರಿವೆಟ್, 1873ರಲ್ಲಿ ಜೇಕಬ್ ಡೇವಿಸ್ ಮತ್ತು ಲೆವಿ ಸ್ಟ್ರಾಸ್ ಪೇಟೆಂಟ್ ಪಡೆದದ್ದು. ಜೀನ್ಸ್ ಹುಟ್ಟಿದ್ದೇ ಆ ಮೂಲೆ ಹರಿಯಬಾರದೆಂದು. ತಾಮ್ರದ ರಿವೆಟ್‌ಗೆ ಅಯಸ್ಕಾಂತ ಅಂಟುವುದಿಲ್ಲ. ಪೂರ್ತಿ ಹತ್ತಿ ದಾರ ಚೆನ್ನಾಗಿ ಮಾಸುತ್ತದೆ, ಆದರೆ ಬೆವರುವ ನಮ್ಮಂಥವರಿಗೆ ಪಾಲಿಯೆಸ್ಟರ್ ಗರ್ಭದ ದಾರವೇ ಬಾಳಿಕೆ ಬರುತ್ತದೆ.

ಉಳಿದದ್ದು ಬಳ್ಳಾರಿಯ ಜೀನ್ಸ್. ನಮ್ಮ ರಾಜ್ಯದಲ್ಲಿಯೇ ಅಷ್ಟೊಂದು ಹೊಲಿಗೆ ಘಟಕಗಳಿರುವಾಗ ಅದನ್ನು ಕಡೆಗಣಿಸುವುದು ಸರಿಯಲ್ಲ. ಹಿಗ್ಗುವ ಲೈಕ್ರಾ ನೂಲು ಬೆರೆಸದ, ಪೂರ್ತಿ ಹತ್ತಿಯ, ಸಂದಿನ ಹೊಲಿಗೆ ನೇರವಾಗಿರುವ ಜೊತೆ ಸಿಕ್ಕರೆ ತೋಟಕ್ಕೂ ದಿನಬಳಕೆಗೂ ಅದಕ್ಕಿಂತ ಹೆಚ್ಚಿನ ಖರ್ಚು ಏಕೆ?

ಹುಡುಗನಿಗೆ ಕೊನೆಗೆ ಹೇಳಿದ್ದು

ಮಳೆಗಾಲದ ತೋಟಕ್ಕೆ ಗಂಬೂಟೇ ಸರಿ. ಉಂಬಳ, ಕೆಸರು, ಬಸಿಗಾಲುವೆಯ ನೀರಿಗೆ ಯಾವ ಚರ್ಮವನ್ನೂ ಬಲಿ ಕೊಡಬೇಡ. ಬೈಕಿಗೆ, ಕೆಲಸಕ್ಕೆ, ಪೇಟೆಗೆ ಎರಡನೆಯ ಬೂಟು. ಮೂರನೆಯದು ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಇರುವವರಿಗೆ ಹೇಳಿ ಮಾಡಿಸಿದ್ದು. ದೇವಿಮನೆ ಘಟ್ಟದ ಪಾಚಿ ಹಿಡಿದ ತಿರುವಿನಲ್ಲಿ ಕಾಲೂರಿದಾಗ ಚರ್ಮದ ಅಟ್ಟೆ ಜಾರುತ್ತದೆ. ಜೀನ್ಸ್ 13 ಔನ್ಸಿನದು, ಸ್ಯಾನ್ಫರೈಸ್ಡ್. ಸೆಲ್ವೆಜ್ ಆದರೆ ಸಂತೋಷ, ಆಗದಿದ್ದರೆ ಬೇಸರ ಬೇಡ.

ಬೂಟು ನೆನೆದರೆ ಬಚ್ಚಲ ಒಲೆಯ ಪಕ್ಕ ಇಡಬಾರದು, ಒದ್ದೆ ಚರ್ಮಕ್ಕೆ ಬಿಸಿ ತಾಗಿದರೆ ನಾರು ಬೆಂದು ಬಿರಿಯುತ್ತದೆ. ಒಳಗೆ ಹಳೆಯ ಪತ್ರಿಕೆ ತುರುಕಿ, ರಾತ್ರಿ ಒಮ್ಮೆ ಬದಲಾಯಿಸಿ, ಗಾಳಿಯಾಡುವಲ್ಲಿ ಮಲಗಿಸಿಡಬೇಕು. ಸಮುದ್ರದ ಕಡೆ ಹೋಗಿ ಬಂದರೆ ಸಿಹಿನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಉಪ್ಪನ್ನು ಒರೆಸಬೇಕು. ಡಬ್ಬದೊಳಗೆ ಇಟ್ಟು ಮುಚ್ಚಲೇಬಾರದು.

ಕಳೆದ ವಾರ ಪಾರ್ಸೆಲ್ ಬಂದಿದೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತ ಕಿತ್ತುಕೊಂಡು ನೋಡಿದನಂತೆ. “ರಿವೆಟ್‌ಗೆ ಅಂಟಲಿಲ್ಲ, ಲೇಸಿನ ಬಳೆಗೂ ಅಂಟಲಿಲ್ಲ. ಬೂಟಿನ ಅಟ್ಟೆಯ ನಡುವೆ ಮಾತ್ರ ಮೆಲ್ಲಗೆ ಎಳೆಯಿತು ಮಾವ” ಎಂದು ಸಂದೇಶ ಕಳುಹಿಸಿದ್ದಾನೆ.